ನಾಸಿಕದ ಜಾಕ್ಸನ್ ಖೂನಿ ಖಟ್ಲೆ: ಕೈ ಯಾರದು, ಮನಸ್ಸು ಯಾರದು?

ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳನ್ನು ತಿದ್ದುವಾಗಲೆಲ್ಲ ಹೇಳುತ್ತಿದ್ದರು. ಆದರೆ ಸಹವಾಸ ಎಲ್ಲಿಯವರೆಗೆ ಬರಿಯ ಸಹವಾಸ, ಎಲ್ಲಿಂದ ಮುಂದೆ ಅಪರಾಧ ಎಂಬ ಗೆರೆಯನ್ನು ಗಾದೆ ಎಳೆಯುವುದಿಲ್ಲ. ಆ ಗೆರೆಯನ್ನು ಕಾಯಿದೆಯೇ ಎಳೆಯಬೇಕಾಗುತ್ತದೆ. ಊರು ಬಿಟ್ಟು ಬಂದು ಈ ಮಹಾನಗರಗಳಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ, ಬೆಳೆದ ಮಗ ತಡರಾತ್ರಿ ಮನೆಗೆ ಬಂದಾಗ ತಾಯಿ ಕೇಳುವ ಮೊದಲ ಪ್ರಶ್ನೆ, 'ಯಾರ ಜೊತೆಗಿದ್ದೆ?' ಎಂಬುದೇ. ನ್ಯಾಯಾಧೀಶನೂ ಒಮ್ಮೊಮ್ಮೆ ಅದೇ ಪ್ರಶ್ನೆಯನ್ನು ಕೇಳುತ್ತಾನೆ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. 'ಜೊತೆಗಿದ್ದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು?' ಎಂದೂ ಕೇಳುತ್ತಾನೆ. ಈ ಎರಡನೆಯ ಪ್ರಶ್ನೆಯ ಮೇಲೆ ಎಷ್ಟು ಜನರ ಪ್ರಾಣ ತೂಗಿತೆಂಬುದನ್ನು ನೂರು ವರ್ಷಗಳಿಗೂ ಹಿಂದೆ ನಾಸಿಕದಲ್ಲಿ ನಡೆದ ಒಂದು ಪ್ರಕರಣದ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ನಾಸಿಕಕ್ಕೆ ಹೋದರೆ ಪಂಚವಟಿ, ಕಾಳಾರಾಮನ ಗುಡಿ, ಗೋದಾವರಿಯ ಘಾಟುಗಳನ್ನು ನೋಡಿಕೊಂಡು ಬರುತ್ತೇವೆ. ಛತ್ರಪತಿ ಸಂಭಾಜಿನಗರಕ್ಕೆ ಹೋದರೆ ವೇರೂಳಕ್ಕೆ ಹೋಗಿ, ನಮ್ಮ ರಾಷ್ಟ್ರಕೂಟರು ಕಡೆದ ಕೈಲಾಸದ ಮುಂದೆ ನಿಂತು ಹೆಮ್ಮೆಪಡುತ್ತೇವೆ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ಊರು ಒಂದು ಕಾಲಕ್ಕೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ಬೀದರ, ಗುಲಬರ್ಗಾ, ರಾಯಚೂರುಗಳೂ ಅದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಹೊಸದಾಗಿ ಬಿದ್ದಾಗ ನಾವು ಇತ್ತ ಬಂದೆವು, ಮರಾಠವಾಡಾ ಅತ್ತ ಹೋಯಿತು. ನಾಸಿಕವಾದರೋ ಆಗ ಬ್ರಿಟಿಷರ ಮುಂಬಯಿ ಇಲಾಖೆಯ ಒಂದು ಜಿಲ್ಲೆ. ಹೀಗೆ ಬೇರೆ ಬೇರೆ ಆಡಳಿತಗಳಲ್ಲಿದ್ದ ಈ ಎರಡು ಊರುಗಳನ್ನು ಮನಮಾಡದ ಮೂಲಕ ಹೋಗುವ ರೈಲು ಜೋಡಿಸುತ್ತಿತ್ತು. 1909ರ ಡಿಸೆಂಬರಿನಲ್ಲಿ ಔರಂಗಾಬಾದಿನ ಒಬ್ಬ ತರುಣ ನಾಸಿಕದಲ್ಲಿ ಮಾಡಿದ ಕೃತ್ಯವೇ ನಮ್ಮ ಕಥೆಯ ಕೇಂದ್ರ.

ಆ ತರುಣನ ಹೆಸರು ಅನಂತ ಲಕ್ಷ್ಮಣ ಕಾನ್ಹೇರೆ. ಹುಟ್ಟಿದ್ದು ರತ್ನಾಗಿರಿ ಜಿಲ್ಲೆಯಲ್ಲಿ. ಚಿತ್ರಕಲೆ ಕಲಿಯಲೆಂದು ಔರಂಗಾಬಾದಿನಲ್ಲಿದ್ದ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನ ಗುಂಡಿಗೆ ಬಲಿಯಾದವನು ನಾಸಿಕದ ಕಲೆಕ್ಟರ್ ಎ.ಎಂ.ಟಿ. ಜಾಕ್ಸನ್. ಈತ ಸಂಸ್ಕೃತ ಬಲ್ಲ ಅಧಿಕಾರಿ. ಜನ ಅವನನ್ನು 'ಪಂಡಿತ ಜಾಕ್ಸನ್' ಎಂದು ಕರೆಯುತ್ತಿದ್ದರು. ಗುಜರಾತ ಮತ್ತು ಕೊಂಕಣದ ಜಾನಪದದ ಬಗ್ಗೆ ಅವನು ಕೂಡಿಹಾಕಿದ ಸಾಮಗ್ರಿಯನ್ನು ಅವನ ಮರಣಾನಂತರ ಎಂಥೋವನ್ ಎಂಬ ಇನ್ನೊಬ್ಬ ಅಧಿಕಾರಿ 1914 ಮತ್ತು 1915ರಲ್ಲಿ ಎರಡು ಸಂಪುಟಗಳಾಗಿ ಹೊರತಂದ. ಆದರೆ ಇದೇ ಜಾಕ್ಸನ್ ಗಣೇಶ ದಾಮೋದರ ಸಾವರಕರರನ್ನು, ಅಂದರೆ ಬಾಬಾರಾವ್ ಸಾವರಕರರನ್ನು, ವಿಚಾರಣೆಗೆ ಗುರಿಪಡಿಸಿದವನು ಕೂಡ. ಬಾಬಾರಾವ್ ಪ್ರಕಟಿಸಿದ್ದ ಪದ್ಯಗಳ ಒಂದು ಚಿಕ್ಕ ಪುಸ್ತಕ ರಾಜದ್ರೋಹಕರವೆಂದು ಖಟ್ಲೆ ನಡೆದು, 1909ರ ಜೂನ್ 8ರಂದು ಅವರಿಗೆ ಆಜೀವ ಕರಿನೀರಿನ ಶಿಕ್ಷೆಯಾಯಿತು. ನಾಸಿಕದ ಗುಪ್ತ ಸಂಘದ ತರುಣರು ಕುದಿದುಹೋದರು. ಪಂಡಿತನೆಂಬ ಹೆಸರು ಅವರ ಪಾಲಿಗೆ ಮುಖವಾಡವಾಯಿತು.

ಜಾಕ್ಸನ್‌ಗೆ ನಾಸಿಕದಿಂದ ವರ್ಗವಾಯಿತು. ಅವನನ್ನು ಬೀಳ್ಕೊಡಲು 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ನಾಟ್ಯಗೃಹದಲ್ಲಿ 'ಸಂಗೀತ ಶಾರದಾ' ನಾಟಕದ ಪ್ರಯೋಗ ಏರ್ಪಾಡಾಗಿತ್ತು. ಆಡುವವರು ಕಿರ್ಲೋಸ್ಕರ ನಾಟಕ ಮಂಡಳಿಯವರು. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬಹುದು. ಕಲೆಕ್ಟರ್ ನಾಟ್ಯಗೃಹದೊಳಗೆ ಬರುತ್ತಿದ್ದಂತೆ ಕಾನ್ಹೇರೆ ಬ್ರೌನಿಂಗ್ ಪಿಸ್ತೂಲಿನಿಂದ ಗುಂಡು ಹಾರಿಸಿದ. ಜಾಕ್ಸನ್ ಬಿದ್ದ. ಕಾನ್ಹೇರೆ ಅಲ್ಲಿಯೇ ಸಿಕ್ಕುಬಿದ್ದ. ಅವನ ಕೈ ತಪ್ಪಿದರೆ ಕೆಲಸ ಪೂರೈಸಲೆಂದು ಕೃಷ್ಣಾಜಿ ಗೋಪಾಳ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಎಂಬಿಬ್ಬರು ಅದೇ ನಾಟ್ಯಗೃಹದಲ್ಲಿ ಆಯುಧ ಸಹಿತ ಇದ್ದರು. ಅವರು ಗುಂಡು ಹಾರಿಸಲಿಲ್ಲ. ಹಾರಿಸುವ ಪ್ರಸಂಗವೇ ಬರಲಿಲ್ಲ.

ಒಟ್ಟು ಏಳು ಜನರ ಮೇಲೆ ಕೊಲೆಯ ಖಟ್ಲೆ ನಡೆಯಿತು. 1910ರ ಮಾರ್ಚ್ 29ರಂದು ತೀರ್ಪು ಬಂದಿತು. ಕಾನ್ಹೇರೆಗೆ ಮರಣದಂಡನೆ. ಗುಂಡು ಹಾರಿಸದ ಕರ್ವೆ ಮತ್ತು ದೇಶಪಾಂಡೆಗೂ ಮರಣದಂಡನೆ. ಏಪ್ರಿಲ್ 19ರಂದು ಮೂವರನ್ನೂ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ತೀರ್ಪಿಗೂ ಗಲ್ಲಿಗೂ ನಡುವೆ ಕೇವಲ 21 ದಿನ. ಗುಂಡು ಹಾರಿದ ರಾತ್ರಿಯಿಂದ ಲೆಕ್ಕ ಹಾಕಿದರೂ ನಾಲ್ಕು ತಿಂಗಳು ತುಂಬಲಿಲ್ಲ. ವಾಮನ ನಾರಾಯಣ ಜೋಶಿ ಮೊದಲಾದವರ ಪಾಲಿಗೆ ಆಜೀವ ಕರಿನೀರು ಬಂದಿತು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಪುಟ ಮುಚ್ಚುತ್ತವೆ. ನಾವು ಮುಚ್ಚದೆ ಒಂದು ಪ್ರಶ್ನೆ ಕೇಳೋಣ. ಒಂದೇ ಕೈ ಗುಂಡು ಹಾರಿಸಿರುವಾಗ ಮೂರು ಕೊರಳುಗಳಿಗೆ ಹಗ್ಗ ಬಿದ್ದದ್ದು ಯಾವ ನ್ಯಾಯದಿಂದ?

ಆಗ ಜಾರಿಯಲ್ಲಿದ್ದ ಭಾರತ ದಂಡ ಸಂಹಿತೆಯ ಕರಡನ್ನು ಮೆಕಾಲೆಯ ಆಯೋಗ 1837ರಲ್ಲಿ ಸಿದ್ಧಪಡಿಸಿತ್ತು. ಅದು ಕಾಯಿದೆಯಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಿಂದ. ಅದರ ಬುನಾದಿಯ ತತ್ತ್ವ ಸರಳವಾದದ್ದು. ಗಂಭೀರ ಅಪರಾಧ ಎರಡು ಕಾಲುಗಳ ಮೇಲೆ ನಿಲ್ಲುತ್ತದೆ: ಒಂದು ಕೃತ್ಯ, ಇನ್ನೊಂದು ಮನಸ್ಸು. ಮನಸ್ಸಿಲ್ಲದ ಕೃತ್ಯ ಅಪಘಾತ. ಕೃತ್ಯವಿಲ್ಲದ ಮನಸ್ಸು ಬರಿಯ ಕೆಟ್ಟ ಯೋಚನೆ. ಅದಕ್ಕೆ ದೇವರು ಶಿಕ್ಷೆ ಕೊಡಬಹುದು, ಕೋರ್ಟು ಕೊಡಲಾರದು. ಕಾಲು ಜಾರಿ ಒಬ್ಬನ ಮೇಲೆ ಬಿದ್ದು ಅವನು ಸತ್ತರೆ ಅದು ಖೂನಿಯಲ್ಲ. ಕೊಲ್ಲಬೇಕೆಂದೇ ತಳ್ಳಿದರೆ ಖೂನಿ. ಎರಡರಲ್ಲಿಯೂ ಹೆಣ ಒಂದೇ. ಬೇರೆಯಾದದ್ದು ಮನಸ್ಸು ಮಾತ್ರ. ಹೀಗಾಗಿ ಕೋರ್ಟಿನಲ್ಲಿ ಸತ್ತವನ ದೇಹವನ್ನು ಪರೀಕ್ಷಿಸುವುದು ಅರ್ಧ ಕೆಲಸ. ಕೊಂದವನ ಮನಸ್ಸನ್ನು ಪರೀಕ್ಷಿಸುವುದು ಉಳಿದರ್ಧ.

ಕಾನ್ಹೇರೆಯ ಮಟ್ಟಿಗೆ ಈ ಎರಡೂ ಸ್ಪಷ್ಟವಾಗಿದ್ದವು. ತುಂಬಿದ ಸಭೆಯ ಎದುರು ಕೃತ್ಯ ನಡೆದಿದೆ. ಪಿಸ್ತೂಲು ಹಿಡಿದು ಬಂದು, ಕಾದು, ಹತ್ತಿರದಿಂದ ಹೊಡೆದವನ ಉದ್ದೇಶವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅವನು ಸ್ವಂತ ಲಾಭಕ್ಕಾಗಿ ಕೊಂದವನಲ್ಲವಲ್ಲ, ದೇಶಕ್ಕಾಗಿ ಎಂದು ನಂಬಿ ಕೊಂದವನಲ್ಲವೇ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಕಾಯಿದೆ ಒಂದು ಕಠೋರವಾದ ಭೇದವನ್ನು ಮಾಡುತ್ತದೆ. ಉದ್ದೇಶ ಬೇರೆ, ಪ್ರೇರಣೆ ಬೇರೆ. 'ಏನು ಮಾಡಬೇಕೆಂದಿದ್ದೆ?' ಎಂಬುದು ಉದ್ದೇಶ. 'ಏಕೆ ಮಾಡಬೇಕೆಂದಿದ್ದೆ?' ಎಂಬುದು ಪ್ರೇರಣೆ. ಅಪರಾಧವನ್ನು ನಿರ್ಣಯಿಸುವಾಗ ಕೋರ್ಟು ಮೊದಲನೆಯದನ್ನು ಕೇಳುತ್ತದೆ. ಎರಡನೆಯದು ಬಹಳವಾದರೆ ಶಿಕ್ಷೆಯ ಪ್ರಮಾಣಕ್ಕೆ, ಇಲ್ಲವೆ ಸಾಕ್ಷ್ಯದ ಕೊಂಡಿಯೊಂದಕ್ಕೆ ಉಪಯೋಗವಾದೀತು. ಹಸಿದ ಮಗುವಿಗಾಗಿ ಕದ್ದರೂ ಕಳವು ಕಳವೇ. ದೇಶಕ್ಕಾಗಿ ಕೊಂದರೂ ಆ ಸಂಹಿತೆಯ 302ನೆಯ ಕಲಮಿಗೆ ಖೂನಿ ಖೂನಿಯೇ. 'ಏಕೆ' ಎಂಬ ಪ್ರಶ್ನೆಯನ್ನು ಕೋರ್ಟು ಬಾಗಿಲ ಹೊರಗೆ ಬಿಟ್ಟಿತು. ಇತಿಹಾಸ ಅದನ್ನು ಎತ್ತಿಕೊಂಡಿತು. ಹುತಾತ್ಮನೆಂಬ ಮಾತೂ ಖೂನಿಗಾರನೆಂಬ ಮಾತೂ ಒಬ್ಬನ ಹೆಸರಿಗೇ ಅಂಟಿಕೊಳ್ಳಲು ಇದೇ ಕಾರಣ. ಎರಡು ಬೇರೆ ಪ್ರಶ್ನೆಗಳಿಗೆ ಬಂದ ಎರಡು ಬೇರೆ ಉತ್ತರಗಳು ಅವು.

ಹಾಗಾದರೆ ಆರೋಪಿಗೆ ಕಾಯಿದೆ ಯಾವ ರಕ್ಷಣೆಯನ್ನೂ ಇಟ್ಟಿಲ್ಲವೇ? ಇಟ್ಟಿದೆ, ದಂಡ ಸಂಹಿತೆಯ ಒಂದು ಇಡೀ ಅಧ್ಯಾಯವೇ ಅದಕ್ಕೆ ಮೀಸಲು. ಏಳು ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗಿನ ಮಗುವಾದರೆ ಅದಕ್ಕೆ ಕೃತ್ಯದ ಅರ್ಥ ತಿಳಿಯುವಷ್ಟು ಬುದ್ಧಿ ಬಂದಿತ್ತೇ ಎಂದು ನೋಡಬೇಕು. ಬುದ್ಧಿಭ್ರಮಣೆಯಿಂದ ತಾನು ಮಾಡುತ್ತಿರುವುದೇನೆಂದೇ ತಿಳಿಯದವನು, ತನ್ನ ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೈಯೆತ್ತಿದವನು, ಎಚ್ಚರ ತಪ್ಪದೆ ಕಾಯಿದೆಬದ್ಧ ಕೆಲಸ ಮಾಡುವಾಗ ಆಕಸ್ಮಿಕ ನಡೆದುಹೋದವನು ಇವರಿಗೆಲ್ಲ ಬಿಡುಗಡೆಯ ಬಾಗಿಲು ಇದೆ. ಕಾನ್ಹೇರೆ ಇದರಲ್ಲಿ ಯಾವ ಬಾಗಿಲಿನಿಂದಲೂ ಹೊರಬರುವಂತಿರಲಿಲ್ಲ. ಮೇಲಿನವರ ಅಪ್ಪಣೆಯಂತೆ ಮಾಡಿದೆ ಎನ್ನೋಣವೆಂದರೆ, ಪ್ರಾಣಬೆದರಿಕೆಗೆ ಮಣಿದು ಮಾಡಿದೆನೆಂಬ ವಾದವನ್ನು ಸಂಹಿತೆ ಖೂನಿಯ ಮಟ್ಟಿಗೆ ಒಪ್ಪುವುದೇ ಇಲ್ಲ. ಇನ್ನೊಬ್ಬ ಬೆದರಿಸಿದನೆಂದು ನಿರಪರಾಧಿಯ ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ಅಭಿಪ್ರಾಯ.

ಉಳಿದದ್ದು ಉದ್ರೇಕದ ವಾದ. ತೀವ್ರವಾದ, ಹಠಾತ್ತಾದ ಪ್ರಚೋದನೆಯಿಂದ ಮೈಮೇಲಿನ ಹತೋಟಿ ತಪ್ಪಿ ಕೊಂದರೆ ಖೂನಿ ಎಂಬುದು ಅಷ್ಟಕ್ಕೆ ಇಳಿದು, ಖೂನಿಯ ಮಟ್ಟ ಮುಟ್ಟದ ಆಪರಾಧಿಕ ಮಾನವ ಹತ್ಯೆಯಾಗುತ್ತದೆ. ಮುಂಬಯಿಯ ಹಳಬರಿಗೆ ನಾನಾವತಿ ಖಟ್ಲೆ ನೆನಪಿರಬೇಕು. 1959ರ ಏಪ್ರಿಲಿನಲ್ಲಿ ನೌಕಾದಳದ ಕಮಾಂಡರ್ ನಾನಾವತಿ ತನ್ನ ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದಾಗ ಈ ವಾದವನ್ನೇ ಹೂಡಲಾಗಿತ್ತು. ಪತ್ನಿಯ ಬಾಯಿಂದ ಸುದ್ದಿ ಕೇಳಿದ ಮೇಲೆ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದು, ಆಮೇಲೆ ಕೊಂದವನಿಗೆ ಮನಸ್ಸು ತಣ್ಣಗಾಗಲು ಸಾಕಷ್ಟು ಸಮಯವಿತ್ತೆಂದು 1961ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಕೆಲವು ತಾಸುಗಳ ಅಂತರವೇ ಹೀಗೆ ಮುಳುವಾದರೆ, ಜೂನಿನ ಶಿಕ್ಷೆಗೆ ಡಿಸೆಂಬರಿನಲ್ಲಿ ಸೇಡು ತೀರಿಸಿಕೊಂಡವನಿಗೆ ಈ ಬಾಗಿಲು ತೆರೆಯುವುದೆಂತು? ರೌಲಟ್ ಅಧ್ಯಕ್ಷತೆಯ ಸಮಿತಿ 1918ರಲ್ಲಿ ಕೊಟ್ಟ ಸರಕಾರಿ ವರದಿಯಲ್ಲಿ ಕಾನ್ಹೇರೆಯದೆಂದು ಒಂದು ಹೇಳಿಕೆ ಅಚ್ಚಾಗಿದೆ. ಅನ್ಯಾಯಗಳ ಸುದ್ದಿಯನ್ನು ತಾನು ಪತ್ರಿಕೆಗಳಲ್ಲಿ ಓದಿದ್ದೆನೆಂದೂ, ತನಗೆ ಸ್ವತಃ ಯಾವ ಅನ್ಯಾಯವೂ ಆಗಿರಲಿಲ್ಲವೆಂದೂ ಅದರ ಸಾರ. ಆಳುವವರ ಬಂಧನದಲ್ಲಿದ್ದವನ ಮಾತನ್ನು ಆಳುವವರೇ ಬರೆದುಕೊಂಡದ್ದೆಂಬುದನ್ನು ಮರೆಯದೆ ಅದನ್ನು ಓದಬೇಕು. ಹಾಗೆ ಓದಿದರೂ, ಎಲ್ಲರ ಅಪಮಾನವನ್ನೂ ತನ್ನದೆಂದು ತಿಳಿಯುವ ಆ ವಯಸ್ಸಿನ ಮನಸ್ಸು ಅದರಲ್ಲಿ ಕಾಣುತ್ತದೆ. ಅಂಥ ಮನಸ್ಸಿಗೆ ಸಂಹಿತೆಯಲ್ಲಿ ಕಲಮಿಲ್ಲ.

ಈಗ ಕರ್ವೆ, ದೇಶಪಾಂಡೆಯರ ಕಡೆಗೆ ಬರೋಣ. ಇವರ ಕೈ ಗುಂಡು ಹಾರಿಸಿರಲಿಲ್ಲ. ಆದರೆ ಸಂಹಿತೆಯಲ್ಲಿ 'ದುಷ್ಪ್ರೇರಣೆ' ಎಂಬ ಅಪರಾಧವಿದೆ. ಅದಕ್ಕೆ ಮೂರು ದಾರಿಗಳು: ಮಾಡೆಂದು ಹುರಿದುಂಬಿಸುವುದು, ಮಾಡಲು ಇತರರೊಡನೆ ಸಂಚು ಹೂಡುವುದು, ಮಾಡುವವನಿಗೆ ಬೇಕೆಂದೇ ನೆರವಾಗುವುದು. ಇದರಲ್ಲಿ ಯಾವುದೊಂದನ್ನು ಮಾಡಿದರೂ, ಅದರ ಫಲವಾಗಿ ಅಪರಾಧ ನಡೆದರೆ, ಮಾಡಿದವನಿಗಿರುವ ಶಿಕ್ಷೆಯೇ ಮಾಡಿಸಿದವನಿಗೂ. ಅದೂ ಅಲ್ಲದೆ ದುಷ್ಪ್ರೇರಕನು ಕೃತ್ಯದ ಸ್ಥಳದಲ್ಲಿ ಹಾಜರಿದ್ದರೆ ಅವನೇ ಆ ಕೃತ್ಯ ಮಾಡಿದನೆಂದು 114ನೆಯ ಕಲಮು ಎಣಿಸುತ್ತದೆ. ಕೈ ಒಂದೇ ಆದರೂ ಅದರ ಹಿಂದಿನ ಮನಸ್ಸು ಮೂವರದು, ಆ ಮನಸ್ಸಿಗೆ ತಕ್ಕಂತೆ ಮೂವರೂ ಸಿದ್ಧರಾಗಿ ಬಂದು ನಿಂತಿದ್ದರು. ಮೂರು ಹಗ್ಗಗಳ ತರ್ಕ ಇದು. ಮುಂದೆ 1923ರಲ್ಲಿ ಕಲಕತ್ತೆಯ ಒಂದು ಅಂಚೆ ಕಚೇರಿಯ ದರೋಡೆಯಲ್ಲಿ ಪೋಸ್ಟ್‌ಮಾಸ್ಟರನ ಕೊಲೆಯಾದಾಗ, ತಾನು ಹೊರಗೆ ನಿಂತಿದ್ದೆನಷ್ಟೆ ಎಂದು ಬಾರೇಂದ್ರಕುಮಾರ ಘೋಷ್ ಎಂಬ ಆರೋಪಿ ವಾದಿಸಿದ. ಸಮಾನ ಉದ್ದೇಶದಿಂದ ಬಂದವನು ಬಾಗಿಲಲ್ಲಿ ಕಾವಲು ನಿಂತದ್ದೂ ಕೃತ್ಯದ ಒಂದು ಭಾಗವೇ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ನಿಂತದ್ದೇ ತಪ್ಪೆಂದು ಇದರ ಅರ್ಥವಲ್ಲ. ಆ ರಾತ್ರಿ ವಿಜಯಾನಂದದಲ್ಲಿ ನಾಟಕ ನೋಡಲು ಬಂದವರೆಲ್ಲರೂ ಹಾಜರಿದ್ದವರೇ. ಹಾಜರಿಗೆ ಮನಸ್ಸು ಕೂಡಿದರೆ ಮಾತ್ರ ಅಪರಾಧ.

ಹಾಗಾದರೆ ಹಾಜರೇ ಇಲ್ಲದವನ ಗತಿಯೇನು? ಕೃತ್ಯ ನಡೆದಾಗ ತಾನು ಬೇರೆ ಊರಿನಲ್ಲಿದ್ದೆನೆಂಬುದು ಆರೋಪಿಯ ಬಹು ಹಳೆಯ, ಬಹು ಬಲವಾದ ಪ್ರತಿವಾದ. ಹೊಡೆದವನು ಯಾರೆಂಬುದು ಪ್ರಶ್ನೆಯಾದಾಗ ಅದು ಖಟ್ಲೆಯನ್ನೇ ಕೆಡವಬಲ್ಲದು. ಆದರೆ ದುಷ್ಪ್ರೇರಣೆಯ ಆರೋಪದ ಮುಂದೆ ಅದು ನಡೆಯದು. ಬಾಬಾರಾವ್ ಅವರ ತಮ್ಮ ವಿನಾಯಕ ದಾಮೋದರ ಸಾವರಕರರು ಆಗ ಭಾರತದಲ್ಲಿಯೇ ಇರಲಿಲ್ಲ. ಲಂಡನ್ನಿನ ಇಂಡಿಯಾ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದ ಚತುರ್ಭುಜ ಅಮೀನನ ಪೆಟ್ಟಿಗೆಯ ಕಳ್ಳತಳದಲ್ಲಿ ಅವರು 1909ರ ಆರಂಭದಲ್ಲಿ 20 ಬ್ರೌನಿಂಗ್ ಪಿಸ್ತೂಲುಗಳನ್ನು ಮುಂಬಯಿಗೆ ಕಳಿಸಿದರೆಂಬುದೂ, ಜಾಕ್ಸನ್‌ನನ್ನು ಕೊಂದದ್ದು ಅದರಲ್ಲೊಂದೆಂಬುದೂ ಸರಕಾರದ ವಾದ. ಅವರನ್ನು ಹಡಗಿನಲ್ಲಿ ಭಾರತಕ್ಕೆ ತರುತ್ತಿರುವಾಗ 1910ರ ಜುಲೈ 8ರಂದು ಮಾರ್ಸೇಲ್ಸ್ ಬಂದರಿನಲ್ಲಿ ಅವರು ನೀರಿಗೆ ಹಾರಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಫ್ರಾನ್ಸಿನ ನೆಲದಲ್ಲಿ ಅಕ್ರಮವಾಗಿ ಹಿಡಿದು ತಂದಿರುವುದರಿಂದ ಈ ಕೋರ್ಟಿಗೆ ಅಧಿಕಾರವಿಲ್ಲವೆಂಬ ಆಕ್ಷೇಪವೂ ಬಂದಿತು. ಆರೋಪಿ ಎದುರಿಗಿರುವಾಗ ಅವನನ್ನು ತಂದ ಬಗೆ ಹೇಗೆಂದು ತಾನು ನೋಡುವುದಿಲ್ಲವೆಂದಿತು ಮುಂಬಯಿಯ ನ್ಯಾಯಪೀಠ. ಹೇಗ್ ನಗರದ ಅಂತರರಾಷ್ಟ್ರೀಯ ಪಂಚಾಯತಿ 1911ರ ಫೆಬ್ರುವರಿ 24ರಂದು ಬ್ರಿಟನ್ ಅವರನ್ನು ಫ್ರಾನ್ಸಿಗೆ ಮರಳಿಸಬೇಕಾಗಿಲ್ಲವೆಂದು ನಿರ್ಣಯಿಸಿತು. ಅಷ್ಟರಲ್ಲಿ ಅವರಿಗೆ ಎರಡು ಶಿಕ್ಷೆಗಳಾಗಿದ್ದವು: 1910ರ ಡಿಸೆಂಬರ್ 23ರಂದು ಒಳಸಂಚಿಗಾಗಿ, 1911ರ ಜನವರಿ 30ರಂದು ಜಾಕ್ಸನ್ ಕೊಲೆಯ ದುಷ್ಪ್ರೇರಣೆಗಾಗಿ. ಎರಡೂ ಆಜೀವ ಕರಿನೀರು.

ಅಣ್ಣನ ಖಟ್ಲೆಯಲ್ಲಿ ಪಿಸ್ತೂಲೂ ಇರಲಿಲ್ಲ, ಹೆಣವೂ ಇರಲಿಲ್ಲ. ಅಲ್ಲಿ ಇದ್ದದ್ದು ಪದ್ಯ. ಸರಕಾರದ ವಿರುದ್ಧ ಯುದ್ಧಕ್ಕೆ ಹುರಿದುಂಬಿಸುವುದೂ ಯುದ್ಧ ಹೂಡಿದಷ್ಟೇ ಘೋರವೆಂದು 121ನೆಯ ಕಲಮು ಹೇಳುತ್ತಿತ್ತು. ಯುದ್ಧ ನಡೆಯದಿದ್ದರೂ ಸರಿಯೇ. ಆ ಶಿಕ್ಷೆಯನ್ನು ಎತ್ತಿಹಿಡಿದ ಹೈಕೋರ್ಟ್ ಪೀಠದಲ್ಲಿ ಒಬ್ಬರು ಸರ್ ನಾರಾಯಣ ಗಣೇಶ ಚಂದಾವರಕರರು. ಒಳಸಂಚಿನ ಖಟ್ಲೆಯನ್ನು ಕೇಳಿದ ಮೂವರಲ್ಲಿಯೂ ಅವರಿದ್ದರು. ಇವರು ನಮ್ಮ ಉತ್ತರ ಕನ್ನಡದ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿ, ಮುಂಬಯಿಗೆ ಬಂದು ಹೆಸರು ಮಾಡಿ, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಶರಾವತಿಯ ದಡದಿಂದ ಬಂದ ಹಳೆಯ ಕಾಂಗ್ರೆಸ್ಸಿಗರೊಬ್ಬರು ನ್ಯಾಯಾಸನದಲ್ಲಿ ಕುಳಿತು ದೇಶಭಕ್ತರ ಭವಿಷ್ಯ ನಿರ್ಣಯಿಸಬೇಕಾಗಿ ಬಂದದ್ದು ಆ ಕಾಲದ ವಿಪರ್ಯಾಸ. ಅವರು ಸಂವಿಧಾನಬದ್ಧ ಹೋರಾಟದಲ್ಲಿ ನಂಬಿಕೆಯಿಟ್ಟವರು. ನಾವು ಅವರನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಈ ಮಾತು ಎತ್ತಿಲ್ಲ. ನಮ್ಮ ನೆಲದವರೊಬ್ಬರು ಆ ತಕ್ಕಡಿಯನ್ನು ಹಿಡಿದಿದ್ದರು ಎಂಬುದನ್ನು ಕನ್ನಡಿಗರಾದ ನಾವು ತಿಳಿದಿರುವುದು ಲೇಸು.

ಒಳಸಂಚಿನ ಖಟ್ಲೆಯ ಅಂಕಿಗಳು ಗಮನಿಸತಕ್ಕವು. ಆರೋಪ ಹೊತ್ತವರು 38 ಜನ. ತಪ್ಪಿತಸ್ಥರೆಂದು ನಿರ್ಣಯವಾದದ್ದು 27 ಜನರ ಮೇಲೆ. ಎಂದರೆ ಅದೇ ಬಲೆಯಲ್ಲಿ ಸಿಕ್ಕ 11 ಜನ ಹೊರಬಂದರು. ವಿದೇಶೀ ಸರಕಾರ, ಜ್ಯೂರಿಯಿಲ್ಲದ ವಿಶೇಷ ಪೀಠ, 1908ರಲ್ಲಿ ಇಂಥ ಖಟ್ಲೆಗಳಿಗೆಂದೇ ಮಾಡಿದ ಕಾಯಿದೆ, ಇಷ್ಟೆಲ್ಲ ಇದ್ದರೂ ಪ್ರತಿಯೊಬ್ಬ ಆರೋಪಿಯ ಪಾಲನ್ನೂ ಬೇರೆಬೇರೆಯಾಗಿ ತೂಗಬೇಕೆಂಬ ನಿಯಮವನ್ನು ಪೂರಾ ಬದಿಗಿಡಲು ಸಾಧ್ಯವಾಗಲಿಲ್ಲ. ಸರಕಾರಕ್ಕೆ ಇದು ಸಾಲದಾಯಿತೋ ಏನೋ, 1913ರಲ್ಲಿ ಸಂಹಿತೆಗೆ ಹೊಸ ಕಲಮುಗಳು ಸೇರಿದವು. ಅಲ್ಲಿಯವರೆಗೆ ರಾಜ್ಯದ ವಿರುದ್ಧದ ಸಂಚನ್ನು ಬಿಟ್ಟರೆ ಬರಿಯ ಸಂಚು ಸಾಮಾನ್ಯವಾಗಿ ಅಪರಾಧವಾಗುತ್ತಿರಲಿಲ್ಲ; ಅದರ ಫಲವಾಗಿ ಏನಾದರೂ ನಡೆಯಬೇಕಿತ್ತು. ಇನ್ನು ಮುಂದೆ ಗಂಭೀರ ಅಪರಾಧವೊಂದನ್ನು ಮಾಡೋಣವೆಂದು ಇಬ್ಬರು ಒಪ್ಪಿದ ಗಳಿಗೆಯಲ್ಲೇ ಅಪರಾಧ ಹುಟ್ಟುತ್ತದೆ. ಆಳುವವರು ಹೋದರು, ಅವರು ಸೇರಿಸಿದ ಆ ಕಲಮು ಉಳಿಯಿತು.

ಸಂಚಿಗೆ ಹೊರಗಿನ ಸಾಕ್ಷಿ ಸಿಗುವುದು ದುರ್ಲಭ. ಹೀಗಾಗಿ ಸರಕಾರ ಒಳಗಿನವನನ್ನೇ ಹುಡುಕುತ್ತದೆ. ಪಿಸ್ತೂಲು ತಂದ ಚತುರ್ಭುಜ ಅಮೀನನೇ ಕ್ಷಮೆ ಪಡೆದು ಮಾಫಿ ಸಾಕ್ಷಿದಾರನಾದ. ತನ್ನ ಕೊರಳನ್ನು ಉಳಿಸಿಕೊಳ್ಳಲು ಇನ್ನೊಬ್ಬನ ಕೊರಳನ್ನು ತೋರಿಸುವವನ ಮಾತಿಗೆ ಎಷ್ಟು ಬೆಲೆ? 1872ರ ಸಾಕ್ಷ್ಯ ಕಾಯಿದೆ ಇದಕ್ಕೊಂದು ಜಾಣ ಉತ್ತರ ಕೊಟ್ಟಿತ್ತು. ಅವನ ಸಾಕ್ಷಿಯನ್ನು ಕೇಳಬಹುದು. ಆದರೆ ಬೇರೆ ಕಡೆಯ ಬೆಂಬಲವಿಲ್ಲದೆ ನಂಬುವುದು ವಿವೇಕವಲ್ಲ. ಪೋಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವೇ ಅಲ್ಲವೆಂದೂ ಆ ಕಾಯಿದೆ ಸಾರಿತ್ತು. ಈ ನಿಯಮಗಳ ಬೆಲೆ ಏನೆಂಬುದನ್ನು ಮುಂದಿನ ಇತಿಹಾಸ ತೋರಿಸಿತು. 1949ರ ಫೆಬ್ರುವರಿ 10ರಂದು ಗಾಂಧೀಜಿಯವರ ಹತ್ಯೆಯ ಖಟ್ಲೆಯ ತೀರ್ಪು ಬಂದಾಗ ಅದೇ ವಿನಾಯಕ ಸಾವರಕರರು ಆರೋಪಿಗಳಲ್ಲಿ ಒಬ್ಬರು. ಅವರ ವಿರುದ್ಧ ಮಾಫಿ ಸಾಕ್ಷಿದಾರ ಹೇಳಿದ ಮಾತಿಗೆ ಸ್ವತಂತ್ರವಾದ ಬೆಂಬಲ ಸಿಗಲಿಲ್ಲವೆಂದು ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಸಾವರಕರರ ಬಗ್ಗೆ ವಾಚಕರ ಅಭಿಪ್ರಾಯ ಏನೇ ಇರಲಿ, ನಿಯಮ ಮಾತ್ರ ನಮ್ಮ ನಿಮ್ಮ ಮನೆಯ ಮಕ್ಕಳಿಗೂ ಅಷ್ಟೇ ಅಗತ್ಯ. ಸಿಟ್ಟಿನ ದಿನಗಳಲ್ಲಿ ಅದನ್ನು ಸಡಿಲಿಸಿರೆಂದು ಕೂಗುವವರು, ನಾಳೆ ತಮ್ಮ ಮಗನ ಹೆಸರನ್ನು ಯಾವನೋ ಒಬ್ಬ ತನ್ನ ಬಿಡುಗಡೆಗಾಗಿ ಹೇಳಬಹುದೆಂಬುದನ್ನು ಯೋಚಿಸುವುದಿಲ್ಲ.

ಭಾರತ ದಂಡ ಸಂಹಿತೆ ಈಗ ಹಳೆಯದಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಖೂನಿಯ ಶಿಕ್ಷೆಯ ಕಲಮು 302 ಹೋಗಿ 103 ಆಗಿದೆ. ದುಷ್ಪ್ರೇರಣೆ 45ರಲ್ಲಿದೆ, ಒಳಸಂಚು 61ರಲ್ಲಿದೆ. ಕರಿನೀರಿನ ಶಿಕ್ಷೆ 1955ರ ತಿದ್ದುಪಡಿಯಿಂದಲೇ ಅಳಿದು ಆಜೀವ ಕಾರಾವಾಸವಾಗಿತ್ತು. ಹೊಸ ಸಾಕ್ಷ್ಯ ಅಧಿನಿಯಮವಂತೂ ಜೊತೆಗಾರನ ಸಾಕ್ಷ್ಯಕ್ಕೆ ಬೇರೆ ಬೆಂಬಲ ಬೇಕೆಂಬ ಮಾತನ್ನು ಕಲಮಿನೊಳಗೇ ಬರೆದಿದೆ. ಔರಂಗಾಬಾದಿಗೆ 1981ರಲ್ಲಿ ಮುಂಬಯಿ ಹೈಕೋರ್ಟಿನ ಪೀಠವೂ ಬಂದಿತು. ಕಲಮಿನ ಅಂಕಿಗಳು ಬದಲಾದರೂ ಎರಡು ಕಾಲುಗಳು ಮಾತ್ರ ಅವೇ: ಕೃತ್ಯ ಮತ್ತು ಮನಸ್ಸು.

ಹಾಗಾದರೆ ಮಗ ಮನೆಗೆ ತಡವಾಗಿ ಬಂದಾಗ ನಾವು ಹೇಳಬೇಕಾದದ್ದೇನು? ಗೆಳೆಯನಿರುವುದು ತಪ್ಪಲ್ಲ, ಗೆಳೆಯ ತಪ್ಪು ಮಾಡಿದನೆಂದು ನೀನು ತಪ್ಪಿತಸ್ಥನಾಗುವುದಿಲ್ಲ. ಆದರೆ ಏನು ನಡೆಯಲಿದೆಯೆಂದು ತಿಳಿದು ಕೋಣೆ ಕೊಟ್ಟರೆ, ವಾಹನ ಕೊಟ್ಟರೆ, ಚೀಲ ಇಟ್ಟುಕೊಂಡರೆ, ಬಾಗಿಲಲ್ಲಿ ನಿಂತರೆ, 'ನಾನು ಕೈ ಮಾಡಲಿಲ್ಲ' ಎಂಬ ಮಾತು ಉಳಿಸುವುದಿಲ್ಲ. ಖೂನಿಯಂಥ ಅಪರಾಧದ ಸಂಕಲ್ಪ ಕಿವಿಗೆ ಬಿದ್ದರೆ ಪೋಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸುವುದು ಪ್ರಜೆಯ ಕರ್ತವ್ಯವೆಂದು ಇಂದಿನ ಕಾಯಿದೆಯೂ ಹೇಳುತ್ತದೆ. ಹಾಗೆಯೇ ಏನೂ ತಿಳಿಯದೆ ಸಿಕ್ಕಿಕೊಂಡವನು ಹೆದರಿ ಓಡಬೇಕಾಗಿಲ್ಲ. ಅವನ ಮನಸ್ಸಿನಲ್ಲಿ ಆ ಉದ್ದೇಶವಿತ್ತೆಂದು ಸಾಧಿಸುವ ಹೊರೆ ಸರಕಾರದ್ದು. ಹೊರಬಂದ ಆ 11 ಜನರನ್ನು ನೆನೆಯಬೇಕು.

ನಾಸಿಕದ ಗಾಲ್ಫ್ ಕ್ಲಬ್ ಮೈದಾನಕ್ಕೆ ಈಗ ಹುತಾತ್ಮ ಅನಂತ ಕಾನ್ಹೇರೆಯ ಹೆಸರಿದೆ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಜಾಕ್ಸನ್ ಕೂಡಿಹಾಕಿದ ಜಾನಪದದ ಸಂಪುಟಗಳು ಹಳೆಯ ಗ್ರಂಥಾಲಯಗಳಲ್ಲಿ ಇಂದಿಗೂ ಓದುವವರಿಗೆ ಸಿಗುತ್ತವೆ. ಕೊಂದವನ ಹೆಸರೂ ಉಳಿಯಿತು, ಸತ್ತವನ ಕೆಲಸವೂ ಉಳಿಯಿತು. ಇನ್ನೊಮ್ಮೆ ನಾಸಿಕಕ್ಕೆ ಹೋದಾಗ, ಪಂಚವಟಿಯ ದರ್ಶನ ಮುಗಿದ ಮೇಲೆ, ಮಕ್ಕಳನ್ನು ಆ ಮೈದಾನದ ಕಡೆಗೂ ಕರೆದೊಯ್ದು ಈ ಕಥೆಯನ್ನು ಪೂರ್ತಿಯಾಗಿ ಹೇಳೋಣ. ಗುಂಡು ಹಾರಿಸಿದವನ ಕಥೆಯ ಜೊತೆಗೆ ಪಕ್ಕದಲ್ಲಿ ನಿಂತವರದನ್ನೂ, ಬಿದ್ದವನದನ್ನೂ, ಬಿಡುಗಡೆಯಾದವರದನ್ನೂ ಹೇಳೋಣ.